ಯಾರಾದರೂ ಬೈಯಬೇಕು

ನವೆಂಬರ್ 12, ಬುಧವಾರ
ನಫ್ತಾಲಿ ಆಂಟ್‌ವರ್ಪ್‌ನಿಂದ ವಾಪಸ್. ನಮ್ಮ ಗಾರ್ಮೆಂಟ್ಸ್‌ನ ವಿದೇಶಿ ಬೈಯರ್ ಕಡೆಯ ಇನ್‌ಸ್ಪೆಕ್ಟರ್, ಯೆಹೂದಿ. ತಂದೆಯನ್ನು ಮಣ್ಣು ಮಾಡಿ, ಏಳು ದಿನ ಮನೆಯಲ್ಲಿ ಶೋಕಕ್ಕೆ ಕುಳಿತು ಬಂದಿದ್ದಾರೆ. ಗಡ್ಡ ಬೆಳೆದಿದೆ. ಮೂವತ್ತು ದಿನ ಕ್ಷೌರವಿಲ್ಲ, ಉಗುರಿಗೂ ಕತ್ತರಿಯಿಲ್ಲ — ಯಾವುದೋ ಅನುವಾದದಲ್ಲಿ ಓದಿದ್ದೆ. ಕೇಳಿ ಖಚಿತಪಡಿಸಿಕೊಂಡೆ. ಚೆಕಿಂಗ್‌ನವರಿಗೆಲ್ಲ ಹೇಳಿದೆ: ಗಡ್ಡದ ಮಾತು ಯಾರೂ ಎತ್ತಬಾರದು.

ನವೆಂಬರ್ 21, ಶುಕ್ರವಾರ
ಮೊದಲೆಲ್ಲ ಶುಕ್ರವಾರ ಮೂರಕ್ಕೆ ಎದುರಿನ ಸಲೂನಿಗೆ ಹೋಗುತ್ತಿದ್ದರು. ಶೇವ್, ಉಗುರು. ಸೂರ್ಯ ಮುಳುಗುವ ಮೊದಲು ಸ್ನಾನ, ಬಿಳಿ ಶರ್ಟು. ಸಬ್ಬತ್‌ಗೆ, ಅಂದರೆ ಅವರ ವಾರದ ಪವಿತ್ರ ದಿನಕ್ಕೆ, ತಯಾರಿ. ಇಂದು ಸಲೂನ್ ದಾಟಿ ನೇರ ರೂಮಿಗೆ.
ಚೆಕಿಂಗ್‌ನ ರುಕ್ಮಣಿ ಅಕ್ಕ, ತಮಿಳಿನವಳು, ಕೇಳಿದಳು. “ನಮ್ದು ಹದಿನಾರು ದಿನಕ್ಕೆ ಸೂತಕ ಎಲ್ಲಾ ಮುಗ್ದೋಗುತ್ತೆ. ಇವರ್ದೇನು ಇಷ್ಟು ದಿನ?”
ದಿಟ್ಟಿಸಿ ನೋಡಿದೆ.
“ಸರಿ ಕಣ್ಣು, ಬಾಯಿಗೆ ಪೂಟು, ಬೀಗ ಹಾಕ್ದೆ.”

ಡಿಸೆಂಬರ್ 2, ಮಂಗಳವಾರ
ಮಣ್ಣು ಮಾಡಿ ನಿನ್ನೆಗೆ ಮೂವತ್ತು ದಿನ. ಗಡ್ಡ ಹಾಗೇ ಇದೆ. ಎಣಿಕೆ ತಪ್ಪಿತೇ? ಮತ್ತೆ ಎಣಿಸಿದೆ. ಇಲ್ಲ.

ಡಿಸೆಂಬರ್ 4, ಗುರುವಾರ
ಟೀ ಹೊತ್ತಿಗೆ ಕೇಳಿಯೇಬಿಟ್ಟೆ.
“ತಂದೆ-ತಾಯಿಗಾದರೆ ಮೂವತ್ತು ಸಾಲದು,” ಎಂದರು. “ಆಮೇಲೆ ಸ್ನೇಹಿತರು ಯಾರಾದರೂ ಗಡ್ಡ ನೋಡಿ ಬೈಯಬೇಕು. ಆಗ ತೆಗೆಯಬಹುದು.”
“ಹೇಳಿ ಬೈಸಿಕೊಂಡರೆ?”
“ನನಗೆ ಮನಸ್ಸಿಲ್ಲ.” ಗಡ್ಡ ಕೆರೆದುಕೊಂಡರು. “ನಾಳೆಯೂ ಸಬ್ಬತ್‌ಗೆ ಹೀಗೇ ಕೂರಬೇಕು. ಇಲ್ಲಿಯವರು ಬಹಳ ಮರ್ಯಾದಸ್ಥರು. ಅಥವಾ ನನಗಿಲ್ಲಿ ಸ್ನೇಹಿತರಿಲ್ಲ.”
ಎಲ್ಲರ ಬಾಯಿ ಮುಚ್ಚಿಸಿದ್ದು ನಾನೇ. ಹೇಳಲಾಗಲಿಲ್ಲ.

ಡಿಸೆಂಬರ್ 5, ಶುಕ್ರವಾರ, 2.40
ರುಕ್ಮಣಿ ಅಕ್ಕನಿಗೆ ಬೈಯಲು ಹೇಳಿದೆ.
“ನಾನ್ ಬೈದ್ರೆ ಅವರಿಗೇನ್ ತಿಳಿಯುತ್ತೆ? ಆರು ವರ್ಷ ಒಟ್ಟಿಗೆ ಟೀ ಕುಡ್ದವಳು ನೀನು. ನೀನೇ ಬಯ್ಯಿ.”
ಯಾರನ್ನೂ ಬೈದವಳಲ್ಲ. ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದೆ. ಮೂರೂ ಆಫೀಸ್ ಲೆಟರ್‌ನಂತಿದ್ದವು. ಹರಿದೆ.

3.15
ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದರು. ಅಡ್ಡ ನಿಂತೆ.
“ನಫ್ತಾಲಿ.” ಸರ್ ಎನ್ನಲಿಲ್ಲ. ಬಾಯಿಗೆ ಬಂದದ್ದು ಕನ್ನಡವೇ. “ಏನಿದು ಅವತಾರ? ನೋಡೋಕಾಗಲ್ಲ.”
ಬ್ಯಾಗ್ ಹೆಗಲಿನಿಂದ ಇಳಿಸಿದರು. ತಪ್ಪಾಯಿತೇನೋ.
“ಇನ್ನೂ ಸ್ವಲ್ಪ ಗಟ್ಟಿಯಾಗಿ,” ಎಂದರು.
ಹೇಳಿದೆ. ಕಟಿಂಗ್ ಟೇಬಲ್‌ನವರೆಗೂ ಕೇಳಿಸಿತು. ಮಷೀನುಗಳು ನಿಂತವು.
“ಸಾಕಾ?” ಎಂದೆ.
ಕಣ್ಣು ಒರೆಸಿಕೊಂಡು ಮೆಟ್ಟಿಲಿಳಿದರು. ಕಿಟಕಿಯಿಂದ ನೋಡಿದೆ. ರಸ್ತೆ ದಾಟಿ, ಸಲೂನಿನ ಬಾಗಿಲಲ್ಲಿ ಒಮ್ಮೆ ತಿರುಗಿ ಮೇಲೆ ನೋಡಿದರು. ನಾನು ಬೆರಳು ತೋರಿಸಿ ಇನ್ನೊಮ್ಮೆ ಗದರಿದೆ: ಒಳಗೆ!