ಖಾಲಿ ಮಣೆಯ ಮುಂದೆ ಓದಿದ ಸುದ್ದಿ

ಮೇಲ್ಗಡ್ಡಿ ಊರು,
ಇಳಿನೀರು ತಿಂಗಳ ಮೂವತ್ತಮೂರನೆಯ ದಿನ, ೨೧೮೯

ನಮಗಿಂತ ಮೊದಲು ಬದುಕುತ್ತಿರುವವರಿಗೆ,

ದಿನಾಂಕ ನೋಡಿ ನಗಬೇಡಿ. ಮಳೆ ತನ್ನ ಹಳೆಯ ನಕ್ಷತ್ರಗಳನ್ನು ಮರೆತು ಎಷ್ಟೋ ಕಾಲವಾಯಿತು. ಹೊಳೆಯ ನೀರು ಇಳಿಯುವ ತನಕ ನಾವು ಈ ತಿಂಗಳನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಿಮ್ಮ ಕಾಲದ ಪತ್ರಿಕೆಗಳನ್ನು, ಉಳಿದುಕೊಂಡಿರುವ ಟಿವಿ ದೃಶ್ಯಗಳನ್ನು ನಮ್ಮೂರ ಓದುಮನೆಯಲ್ಲಿ ಕೂತು ವರ್ಷಗಟ್ಟಲೆ ನೋಡಿದವಳು ನಾನು. ಇವತ್ತು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಒಂದು ತೀರ್ಮಾನವಾಗಲಿದೆ. ಅದರಲ್ಲಿ ನಿಮ್ಮ ಪಾಲೂ ಇದೆ. ಡೊಳ್ಳು ಬಾರಿಸುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ನಮ್ಮಲ್ಲಿ ಸುದ್ದಿ ಕಾಗದದ ಮೇಲೆ ಬರುವುದಿಲ್ಲ, ಅಂಗೈಯ ಗಾಜಿನಲ್ಲೂ ಬರುವುದಿಲ್ಲ. ಯಾರ ಮುಖವನ್ನಾದರೂ ಯಾರ ಮಾತಿಗಾದರೂ ಅಂಟಿಸಬಲ್ಲ ಹುಸಿಮುಖಗಳ ಕಾಲ ಬಂದು ಹೋದ ಮೇಲೆ ಗಾಜನ್ನು ನಂಬುವವರು ಉಳಿಯಲಿಲ್ಲ. ಈಗ ಪ್ರತಿ ಊರಿಗೂ ಒಂದು ಸುದ್ದಿಕಟ್ಟೆ, ಊರು ಆರಿಸಿದ ಒಬ್ಬ ಓದಾಳು. ಓದಾಳು ತಿರುಗಾಡಿ, ವಿಚಾರಿಸಿ, ಸಂತೆಯ ದಿನ ಕಟ್ಟೆ ಹತ್ತಿ ಸುದ್ದಿ ಓದುತ್ತಾಳೆ. ಸುದ್ದಿಯಲ್ಲಿ ಯಾರ ಹೆಸರಿದೆಯೋ ಅವರು ಅವಳ ಎದುರಿಗೇ ಒಂದು ಮಣೆಯ ಮೇಲೆ ಕೂರಬೇಕು. ಅದಕ್ಕೆ ಎದುರುಮಣೆ ಎನ್ನುತ್ತೇವೆ. ಓದಾಳು ಅವರ ಕಣ್ಣು ನೋಡುತ್ತ ಓದಬೇಕು, ಆಮೇಲೆ ಅವರು ಉತ್ತರ ಕೊಡಬೇಕು. ಒಮ್ಮೆ ಗಾಣದ ಮುದುಕನ ಎಣ್ಣೆಯಲ್ಲಿ ಬೆರಕೆ ಇದೆ ಎಂದು ಓದಿದಾಗ ಅವನು ಮಣೆಯಿಂದ ಎದ್ದು, “ಬೆರಕಿ ಐತಿ ಖರೆ, ಆದ್ರ ನೀ ಹೇಳಿದಷ್ಟು ಇಲ್ಲಬೇ!” ಎಂದಿದ್ದ. ಊರು ನಕ್ಕಿತು. ಮರುಸಂತೆಯಿಂದ ಎಣ್ಣೆ ಸುಧಾರಿಸಿತು.

ಮಣೆ ಖಾಲಿಯಿದ್ದರೆ ಮಾತ್ರ ಓದುವಂತಿಲ್ಲ. ಇದು ಕಾಶವ್ವನ ಕಟ್ಟಳೆ.

ಕಾಶವ್ವ ನಮ್ಮ ಮನೆತನದ ಹಿರಿಯಳು, ನಿಮ್ಮ ಕಾಲದವಳು. ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಒಂದು ದಿನ ಊಟ ಮಾಡಿದ ಮಕ್ಕಳು ವಾಂತಿ ಮಾಡಿಕೊಂಡರು. ಸಂಜೆಯೊಳಗೆ ಒಂದು ಟಿವಿ ಚಾನೆಲ್ಲಿನವರು ಅವಳ ಅಂಗಳಕ್ಕೆ ಬಂದರು. ಅವಳ ಮುಖದ ಸುತ್ತ ಕೆಂಪು ಗೆರೆ ಎಳೆದು, ಹಿಂದೆ ಎದೆ ನಡುಗಿಸುವ ಸಂಗೀತ ಹಾಕಿ, ‘ವಿಷದ ಕೈ’ ಎಂದು ವಾರವಿಡೀ ತೋರಿಸಿದರು. ತಪ್ಪು ಅವಳದಲ್ಲ, ಗೋದಾಮಿನಿಂದ ಬಂದ ಬೇಳೆಯೇ ಕೆಟ್ಟಿತ್ತು ಎಂದು ನ್ಯಾಯಾಲಯ ಹೇಳುವ ಹೊತ್ತಿಗೆ ಆ ಚಾನೆಲ್ಲು ಯಾವುದೋ ನಟಿಯ ಮದುವೆ ತೋರಿಸುತ್ತಿತ್ತು. ಕಾಶವ್ವ ಆಮೇಲೂ ಬಹಳ ಕಾಲ ಬದುಕಿದ್ದಳು. ಅವಳ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡವರಿಲ್ಲ. “ನನ್ನ ಅಂಗಳದಾಗ ನಿಂತು ನನ್ನ ಬಗ್ಗೆ ಮಾತಾಡಿದ್ರು, ನನ್ನ ಕೂಡ ಮಾತಾಡಲಿಲ್ಲ” ಎನ್ನುತ್ತಿದ್ದಳಂತೆ. ಈ ಮಾತು ನಮ್ಮ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಎದುರಿಗೆ ಕೂರಿಸಿಕೊಂಡೇ ಓದಬೇಕೆಂಬ ಕಟ್ಟಳೆ ಮಾಡಿದಾಗ ಊರು ಅದಕ್ಕೆ ಅವಳ ಹೆಸರಿಟ್ಟಿತು. ಹೆಸರಿರುವ ಕಟ್ಟಳೆ, ಆ ಹೆಸರು ಕೊಟ್ಟ ಮನೆ ಒಪ್ಪಿರುವ ತನಕ ಮಾತ್ರ ನಡೆಯುತ್ತದೆ. ಈಗ ಆ ಮನೆಯ ಹಿರಿಯಳು ನಾನು.

ನಮ್ಮ ಊರಿನ ಕೆಳಗೆ ನೆಲತೊಟ್ಟಿ ಇದೆ. ಹೊಳೆ ತುಂಬಿದಾಗ ಹಿಡಿದಿಟ್ಟ ನೀರನ್ನು ವರ್ಷವಿಡೀ ಕುಡಿಯುತ್ತೇವೆ. ಅದನ್ನು ನೋಡಿಕೊಳ್ಳುವ ನೀರ್ಮಂಡಳಿಯ ಯಜಮಾನ ಗುರುಸಂಗಪ್ಪ. ಕಳೆದ ತಿಂಗಳಿಂದ ಮೂಡಣ ಓಣಿಯ ಮಕ್ಕಳು ಕಾಯಿಲೆ ಬಿದ್ದು ಮಲಗತೊಡಗಿದರು. ನಮ್ಮ ಓದಾಳು ನೀಲಗಂಗವ್ವ ತೊಟ್ಟಿಗೆ ಇಳಿದವರನ್ನು ಕೇಳಿದಳು, ನೀರನ್ನು ಬೇರೆ ಊರಿಗೆ ಕಳಿಸಿ ಪರೀಕ್ಷೆ ಮಾಡಿಸಿದಳು. ಗೋಡೆ ಬಿರುಕು ಬಿಟ್ಟಿತ್ತು. ಬಣ್ಣದ ಕಾರ್ಖಾನೆಯ ಹೊಲಸು ಒಳಗೆ ಸೋರುತ್ತಿತ್ತು. ಮಂಡಳಿಗೆ ಅದು ಗೊತ್ತಿತ್ತು.

ಅವಳು ಗುರುಸಂಗಪ್ಪನನ್ನು ಮಣೆಗೆ ಕರೆದಳು. ಮೊದಲ ಸಂತೆಗೆ ಅವನಿಗೆ ಜ್ವರ. ಮುಂದಿನ ಸಂತೆಗೆ ಸಂಬಂಧಿಕರ ಮದುವೆ. ಅದರ ಮುಂದಿನದಕ್ಕೆ ಕಾರಣವನ್ನೂ ಹೇಳಿ ಕಳಿಸಲಿಲ್ಲ. ನಾವು ಮರ್ಯಾದಸ್ಥರು, ಕಟ್ಟಳೆಯವರು. ಪ್ರತಿ ಸಂತೆಗೂ ಕಟ್ಟೆಯ ಮುಂದೆ ಕೂತು ಖಾಲಿ ಮಣೆ ನೋಡಿ ಎದ್ದು ಹೋದೆವು, ದಾರಿಯಲ್ಲಿ ಅದೇ ನೀರನ್ನು ಕೊಡಕ್ಕೆ ತುಂಬಿಕೊಂಡು ಹೋದೆವು. ನಮ್ಮ ಪಕ್ಕದ ಮನೆಯ ಮಾಬೂಬಿಯ ಮಗಳು ನಜ್ಮಾ ಮಾತು ನಿಲ್ಲಿಸಿದ್ದು ಆ ದಿನಗಳಲ್ಲೇ.

ಹೋದ ಸಂತೆಗೆ ನೀಲಗಂಗವ್ವ ಕಟ್ಟೆ ಹತ್ತಿದಳು, ಖಾಲಿ ಮಣೆಯ ಕಡೆ ಒಮ್ಮೆ ನೋಡಿದಳು, ಓದಲು ಶುರುಮಾಡಿದಳು. ಗುಂಪಿನಿಂದ ಯಾರೋ ಗಾಬರಿಯಾಗಿ ಕೂಗಿದರು: “ಯವ್ವಾ, ಮಣಿ ಖಾಲಿ ಐತಿ!”

“ಮಣಿ ಖಾಲಿ ಐತಿ, ನಿಮ್ಮ ಕೊಡಾ ತುಂಬ್ಯಾವಲ್ಲ” ಎಂದಳು. “ಸುಮ್ಮನ ಕೇಳ್ರಿ.”

ಅವತ್ತೇ ಜನ ತೊಟ್ಟಿಯ ಬಾಯಿ ಮುಚ್ಚಿಸಿದರು. ಈಗ ದೂರದಿಂದ ನೀರು ಹೊತ್ತು ತರುತ್ತಿದ್ದೇವೆ. ಖಾಲಿ ಮಣೆಯ ಮುಂದೆ ಓದಿದಳೆಂದು ಮಂಡಳಿ ಊರಿಗೆ ದೂರು ಕೊಟ್ಟಿದೆ. ಇವತ್ತು ತೀರ್ಮಾನ ನೀಲಗಂಗವ್ವನ ವಿರುದ್ಧ ಬಂದರೆ ಅವಳು ಕಟ್ಟೆ ಇಳಿಯಬೇಕು. ಅಷ್ಟೇ ಅಲ್ಲ, ಅವಳು ಓದಿದ್ದನ್ನು ಓದೇ ಇಲ್ಲವೆಂದು ಎಣಿಸುತ್ತಾರೆ. ಓದಿಲ್ಲದ ಸುದ್ದಿಯ ಮೇಲೆ ಯಾರೂ ತೊಟ್ಟಿ ಮುಚ್ಚುವಂತಿಲ್ಲ. ನಾಳೆ ಬೆಳಿಗ್ಗೆ ಅದೇ ನೀರು ಬಿಡುತ್ತಾರೆ.

ನಿನ್ನೆ ಗುರುಸಂಗಪ್ಪ ನಮ್ಮ ಮನೆಗೆ ಬಂದಿದ್ದ. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ಕಾಶವ್ವನ ಚಿತ್ರಕ್ಕೂ ನಮಸ್ಕಾರ ಮಾಡಿ ಕೂತ.

“ಅಕ್ಕಾರ, ನಿಮ್ಮ ಮನಿ ಹೆಸರಿನ ಕಟ್ಟಳಿ ಇದು. ಅದನ್ನ ಮುರಿದಾಕಿನ್ನ ನೀವ ಉಳಿಸಿದ್ರ ಹೆಂಗ್ರೀ?”

“ಮಣಿ ಮ್ಯಾಲ ಬಂದು ಯಾಕ ಕುಂದರಲಿಲ್ಲೋ ತಮ್ಮಾ?” ಎಂದೆ.

“ಕುಂತ್ರ ಓದ್ತಾರಲ್ರೀ” ಎಂದು ನಕ್ಕ. ನಗು ನಿಲ್ಲಿಸಿದ ಮೇಲೆ ಮೆಲ್ಲಗೆ ಹೇಳಿದ: “ಕಟ್ಟಳಿ ತೆಗಿಸ್ತೀರಿ, ತೆಗಿಸ್ರಿ. ನಾಳೆ ನಿಮ್ಮ ಮೊಮ್ಮಗಳ ಮ್ಯಾಲ ಯಾವನರ ಸುಳ್ಳ ಒದರಿದ್ರ, ಆವಾಗ ಅಡ್ಡ ನಿಲ್ಲಾಕ ಕಾಶವ್ವ ಇರಂಗಿಲ್ಲ ನೋಡ್ರಿ.”

ಅವನು ಕೆಟ್ಟವನಿರಬಹುದು, ಆ ಮಾತು ಸುಳ್ಳಲ್ಲ. ಕಟ್ಟಳೆಯನ್ನು ತಿದ್ದಬಹುದು: ಕರೆದರೂ ಬಾರದವನ ಖಾಲಿ ಮಣೆಯನ್ನು ಅವನ ಉತ್ತರವೆಂದೇ ತಿಳಿದು ಓದಿ ಎನ್ನಬಹುದು. ಆದರೆ ತಿದ್ದಿದ ಕಟ್ಟಳೆಗೆ ಸುತ್ತಲಿನ ಹಳ್ಳಿಗಳೆಲ್ಲ ಒಪ್ಪಬೇಕು, ಅದು ಆಗುವುದು ಮುಂದಿನ ಇಳಿನೀರಿಗೆ. ಇವತ್ತು ನನ್ನ ಕೈಯಲ್ಲಿರುವುದು ಎರಡೇ: ಹೆಸರನ್ನು ಹಾಗೇ ಬಿಡುವುದು, ಇಲ್ಲವೇ ಹಿಂದಕ್ಕೆ ತೆಗೆದುಕೊಳ್ಳುವುದು. ತೆಗೆದುಕೊಂಡರೆ ಕಟ್ಟಳೆ ಬೀಳುತ್ತದೆ, ಅದರ ಜೊತೆ ಮಂಡಳಿಯ ದೂರೂ ಬೀಳುತ್ತದೆ. ಆದರೆ ಒಂದು ವರ್ಷ ನಮ್ಮ ಕಟ್ಟೆಯ ಮೇಲೆ ಯಾರು ಯಾರ ಬಗ್ಗೆ ಏನು ಬೇಕಾದರೂ ಹೇಳಬಹುದು. ನೀಲಗಂಗವ್ವನಂಥವರೇ ಓದಾಳಾಗಿರುತ್ತಾರೆಂದು ನನಗೆ ಭರವಸೆ ಕೊಡುವವರು ಯಾರು? ನಿಮ್ಮ ಕಾಲದ ದೃಶ್ಯಗಳನ್ನು ನೋಡಿದವಳು ನಾನು. ಆ ಕೆಂಪು ಗೆರೆ, ಆ ಸಂಗೀತ ನನಗೆ ಗೊತ್ತು.

ಹಾಗಾಗಿ ನನ್ನ ಸಿಟ್ಟು ನಿಮ್ಮ ಮೇಲೆ. ಸಂವಿಧಾನ ನಿಮಗೆ ಬಾಯಿ ಕೊಟ್ಟಿತ್ತು. ಆಳುವವರನ್ನು ಕೇಳಲಿ ಎಂದು ಜನ ನಿಮ್ಮ ಪತ್ರಕರ್ತರಿಗೆ ಎಲ್ಲ ಬಾಗಿಲನ್ನೂ ತೆರೆದಿಟ್ಟಿದ್ದರು. ದೊಡ್ಡವರ ಬಾಗಿಲಲ್ಲಿ ಮೆತ್ತಗೆ ಮಾತಾಡಿ, ಅಡುಗೆಯವಳ ಅಂಗಳದಲ್ಲಿ ಗಂಟಲು ಹರಿದುಕೊಂಡ ಕೆಲವರನ್ನು ನೀವು ರಾತ್ರಿ ಊಟ ಮಾಡುತ್ತ ನೋಡಿದಿರಿ. ಊರೂರು ಅಲೆದು ನಿಜ ಬರೆದವರೂ ಆಗ ಇದ್ದರು, ಓದುಮನೆಯಲ್ಲಿ ಅವರ ಬರಹಗಳೂ ಇವೆ. ಅವರನ್ನು ಓದಿದವರು ಕಡಿಮೆ. ಕೊನೆಗೆ ಜನ ರೋಸಿಹೋದರು. ರೋಸಿಹೋದವರು ಬೀಗ ಮಾಡಿದರು, ಬೀಗದ ಮೇಲೆ ನಮ್ಮ ಕಾಶವ್ವನ ಹೆಸರು ಕೆತ್ತಿದರು. ಆ ಬೀಗವನ್ನು ಈಗ ಗುರುಸಂಗಪ್ಪನಂಥವರು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರೆ.

ಪಕ್ಕದ ಮನೆಯಲ್ಲಿ ಮಾಬೂಬಿ ಮಗಳ ತುಟಿಗೆ ಬಟ್ಟೆಯಿಂದ ನೀರು ಹಿಂಡುತ್ತಿದ್ದಾಳೆ. ಬೇರೆ ಊರಿನ ನೀರು. ಬೆಳಿಗ್ಗೆ ಗೋಡೆಯ ಆಚೆಯಿಂದ ಕೇಳಿದಳು: “ಚಿಗವ್ವಾ, ನಾಳಿಗೂ ಇದ ನೀರ ಸಿಗತೈತೇನ್ರಿ?” ಸಿಗುತ್ತದೆ ಎಂದುಬಿಟ್ಟೆ. ಹೇಳಿದ ಮೇಲೆ ನನಗೆ ನನ್ನ ತೀರ್ಮಾನ ತಿಳಿಯಿತು.

ಹೆಸರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಭಯದಿಂದಲೇ ತೆಗೆದುಕೊಳ್ಳುತ್ತೇನೆ. ಮೊಮ್ಮಗಳಿಗೆ ಹೇಳಿದ್ದೇನೆ, ಅವಳು ನನ್ನ ಜೊತೆ ಬರುತ್ತಾಳೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಯಾರ ಬಗ್ಗೆಯಾದರೂ ಕೆಟ್ಟ ಸುದ್ದಿ ನಿಮ್ಮ ಕೈಗೆ ಬಂದಾಗ, ಅವರನ್ನು ಕೇಳಿದಿರಾ ಎಂದು ಬರೆದವರನ್ನು ಕೇಳಿ. ಕೇಳದೆ ಬರೆದವರಿಗೆ ನಿಮ್ಮ ಕಣ್ಣು ಕೊಡಬೇಡಿ, ಕಾಸು ಕೊಡಬೇಡಿ. ಅವರ ಮೇಲಿನ ಸಿಟ್ಟಿಗೆ ಎಲ್ಲರ ಬಾಯಿ ಹೊಲಿಯಲು ಯಾರಾದರೂ ದಾರ ತಂದರೆ, ಅವರ ಮನೆಯ ತೊಟ್ಟಿಯಲ್ಲಿ ಏನಿದೆ ಎಂದು ಮೊದಲು ನೋಡಿ. ನಜ್ಮಾಳ ಜೀವ ಮತ್ತು ನನ್ನ ಮೊಮ್ಮಗಳ ಮಾನ, ಇವೆರಡರಲ್ಲಿ ಒಂದನ್ನು ಆರಿಸುವ ಗತಿ ಇವತ್ತು ನನಗೆ ಬಂದಿದೆ. ನೀವು ಇರುವ ಕಡೆ ಇನ್ನೂ ಎರಡನ್ನೂ ಉಳಿಸಿಕೊಳ್ಳಬಹುದು.

ಡೊಳ್ಳು ಶುರುವಾಯಿತು. ಹೊರಡುತ್ತೇನೆ.

ದ್ಯಾಮವ್ವ ಕಾಶವ್ವನವರ