ಡಾಕ್ಟರಿಗೆ ಹೇಳಿದ ಒಡಪು

ಬಿಳಿಚೋಡು
14-2-1979

ಪ್ರೀತಿಯ ಅವ್ವನಿಗೆ ಮಗಳು ಕಸ್ತೂರಿಯ ನಮಸ್ಕಾರಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲಾ ಬಸವಾಪಟ್ಟಣದ ಬೀದಿಯೆಲ್ಲ ಕುಂಟುತ್ತಾ ಸುತ್ತುತ್ತೀಯೋ? ನನ್ನ ಶಿವಗಂಗೆ ಹಟ ಮಾಡದೆ ಹಾಲು ಕುಡಿಯುತ್ತಾಳೆಯೇ? ಅಕ್ಷರ ಸೊಟ್ಟಗಿವೆ ಎಂದು ಓದಿ ಹೇಳುವ ಜಯಪ್ಪ ಮಾಮ ನಕ್ಕರೆ ನಗಲಿ. ಇದನ್ನು ಬರೆದದ್ದು ನಾನೇ, ನನ್ನ ಕೈಯಲ್ಲೇ.

ಶೇಂಗಾ ಗಾಡಿಯಿಂದ ಬಿದ್ದು ತಲೆ ಕಲ್ಲಿಗೆ ಬಡಿದಾಗಿನಿಂದ ಮಾತು ನನ್ನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿತ್ತಲ್ಲ, ಆ ಆಟ ಈಗ ಬಹಳ ಕಡಿಮೆಯಾಗಿದೆ. ಬೆಳಿಗ್ಗೆ ಕಸ ಗುಡಿಸುತ್ತಾ ಕಂಡದ್ದರ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳುತ್ತೇನೆ: ಒರಳು, ಮೊರ, ಕೊಡಪಾನ. ಪಕ್ಕದ ಮನೆಯ ಚೌಡಮ್ಮ 'ಏನವ್ವಾ, ಮನೆ ಹರಾಜು ಹಾಕಾಕೆ ಹತ್ತೀಯೇನು?' ಎಂದು ಗೋಡೆಯಾಚೆಯಿಂದ ಕೂಗುತ್ತಾಳೆ. ಬಲಗೈ ಇನ್ನೂ ಸೋಮಾರಿ. ರೊಟ್ಟಿ ದುಂಡಗೆ ಬರುವುದಿಲ್ಲ. ಸಾರಿಗೆ ಒಮ್ಮೊಮ್ಮೆ ಎರಡು ಸಲ ಉಪ್ಪು ಬೀಳುತ್ತದೆ. ನಿನ್ನ ಅಳಿಯ ನೀರು ಬೆರೆಸಿಕೊಂಡು ಉಣ್ಣುತ್ತಾರೆ, ಪಾಪ.

ಹೋದ ಸಲ ಡಾಕ್ಟರು 'ಇವಳಿಗೆ ನೆನಪು ಬಂದಿಲ್ಲ, ಮಗು ಅಜ್ಜಿ ಹತ್ತಿರವೇ ಇರಲಿ' ಎಂದರಲ್ಲ, ಯಾಕೆ ಗೊತ್ತೇನು? 'ನಿಮ್ಮ ಗಂಡನ ಹೆಸರೇನು?' ಎಂದು ಕೇಳಿದ್ದರು. ನಿನ್ನ ಅಳಿಯ ಪಕ್ಕದಲ್ಲೇ ನಿಂತಿದ್ದಾರೆ! ಗಂಡನ ಹೆಸರು ಹಿಡಿದು ಹೇಗೆ ಹೇಳಲಿ? ತಲೆ ತಗ್ಗಿಸಿ ಸುಮ್ಮನಾದೆ. ಅದನ್ನೇ ಮರೆವು ಎಂದುಕೊಂಡರಂತೆ. ಆಮೇಲೆ ತಿಳಿದು ಅತ್ತುಬಿಟ್ಟೆ. ಒಂದು ನಾಚಿಕೆಗೆ ಮಗಳು ದೂರವಾದಳಲ್ಲ!

ಮೊನ್ನೆ ಹೋದಾಗ ಮತ್ತೆ ಅದೇ ಪ್ರಶ್ನೆ. ಸೆರಗು ಸರಿಮಾಡಿಕೊಂಡು, ಮದುವೆಮನೆಯ ಹೊಸ್ತಿಲಲ್ಲಿ ನಿಂತಂತೆ ನಿಂತು, ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಒಡಪು ಹೇಳಿದೆ:

'ಜೋಳದ ರೊಟ್ಟಿಗೆ ಬೆಣ್ಣೆ ಬೇಕಪ್ಪ,
ಬಿದ್ದೋಳ ಕೈಹಿಡಿದು ಎಬ್ಬಿಸಿದೋರು ಉಚ್ಚಂಗೆಪ್ಪ!'

ನಾನೇ ಕಟ್ಟಿದ್ದು ಅವ್ವಾ, ಬಸ್ಸಿನಲ್ಲಿ ಕೂತು! ನರ್ಸಮ್ಮ ಚಪ್ಪಾಳೆ ತಟ್ಟಿದಳು, ನಿನ್ನ ಅಳಿಯನ ಕಿವಿ ಕೆಂಪಾಯಿತು. ಡಾಕ್ಟರು ನಕ್ಕು, 'ಒಡಪು ಕಟ್ಟೋ ತಲೆ ನೆಟ್ಟಗೇ ಐತೆ, ಮಗೂನ ಕರೆಸ್ಕೊಳ್ರಿ' ಎಂದರು.

ಮಾಮನಿಗೂ ನನ್ನ ಶರಣು ಹೇಳು.

ನಿನ್ನ ಗಟ್ಟಿಗಿತ್ತಿ ಮಗಳು,
ಕಸ್ತೂರಮ್ಮ

ವಿ.ಸೂ.: ಟಪಾಲಿನವನು ಬಾಗಿಲಲ್ಲೇ ಕಾಯುತ್ತಿದ್ದಾನೆ. ಬರುವ ಸೋಮವಾರವೇ ಶಿವಗಂಗೆಯನ್ನು ಕರೆದುಕೊಂಡು ಬಾ. ಕಾಲು ನೋವಿನ ನೆಪ ಹೇಳಬೇಡ. ಆಸ್ಪತ್ರೆಯಲ್ಲಿ ಮೊದಲು ಅವಳನ್ನು ಕಂಡಾಗ 'ಯಾರ ಮಗು ಇದು?' ಎಂದೆನಂತೆ. ಅಂದಿನಿಂದ ಅವಳು 'ಅವ್ವಗೆ ನಾನು ಗೊತ್ತೈತಾ?' ಎಂದು ಕೇಳುತ್ತಲೇ ಇರುತ್ತಾಳೆಂದು ನೀನು ಬರೆಸಿದ್ದೆಯಲ್ಲ, ಓದಿ ಎದೆ ಒಡೆಯಿತು. ಬಸ್ಸು ನಿಲ್ಲುವ ಮೊದಲೇ ಅವ್ವ ನಿನ್ನನ್ನು ಕೂಗುತ್ತಾಳೆ ಎಂದು ಅವಳಿಗೆ ಹೇಳು. ಅವಳ ಹೆಸರು ಹೇಳಲು ನನಗೆ ಒಡಪು ಬೇಕಿಲ್ಲ.