ಎಲ್ಲರೂ ಬಂದ ಮೇಲೆ ಆರಿಸುವ ದೀಪ

ಮಾವಳ್ಳಿ
೧೪ ನವೆಂಬರ್ ೨೦೦೩, ಮಧ್ಯಾಹ್ನ

ತಮ್ಮ ಹರಿಹರನಿಗೆ,

ಹಾಗಾದರೆ ನಿನ್ನ ಪ್ರಕಾರ ಸೋಮವಾರ ಆದದ್ದಕ್ಕೆ ತಪ್ಪು ದೋಣಿಯ ದೇವುವಿನದೇ. ನಿನ್ನೆ ಫೋನಿನಲ್ಲಿ ಅಲ್ಲಿಗೆ ಮಾತು ನಿಲ್ಲಿಸಿದೆಯಲ್ಲ, ಅಲ್ಲಿಂದಲೇ ಹಿಡಿಯುತ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದಕ್ಕೆ ಬಾಯಿ ಹಾಕುವುದು ನಿನ್ನಿಂದಲೂ ಆಗದು. ಆದರೂ ಕ್ರಮ ತಪ್ಪಬಾರದು, ಮೊದಲು ಕ್ಷೇಮ ಕೇಳುತ್ತೇನೆ. ನಿನ್ನ ಮಂಡಿನೋವು ಹೇಗಿದೆ? ಮಾಲತಿ ಕಾಯಿಸಿಕೊಡುವ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಅದನ್ನೂ ಹಳೇ ಕಾಲದ್ದೆಂದು ಬಿಸಾಡಿದೆಯೋ? ನಾನು ಚೆನ್ನಾಗಿದ್ದೇನೆ. ಸಿಟ್ಟು ಬಂದಾಗ ನನಗೆ ಊಟ ಸೇರುತ್ತದೆ, ಸೋಮವಾರದಿಂದ ತುಂಬಾ ಸೇರುತ್ತಿದೆ.

ಕುಮಟೆಯಲ್ಲಿ ಮೈಕ್ ಸೆಟ್ಟಿನ ಧಣಿಯಾದ ಮೇಲೆ ನೀನು ಮರೆತಿರಬಹುದು, ನಮ್ಮ ಅಂಗಳದ ಕಂಬದ ದೀಪ ನಮ್ಮ ಮನೆಯವರಿಗಾಗಿ ಇಟ್ಟದ್ದಲ್ಲ. ಕೊನೆಯ ದೋಣಿ ಮರಳು ಹತ್ತುವವರೆಗೆ ಅದು ಉರಿಯಬೇಕು, ಎಲ್ಲರೂ ಬಂದ ಮೇಲೆ ಆರಿಸಬೇಕು. ಅಪ್ಪನ ಕಾಲಕ್ಕೂ ಹಾಗೇ ಇತ್ತು. ನಿನ್ನ ಅತ್ತಿಗೆ ಮಾಸ್ತಮ್ಮ ಮೈಸುಡುವ ಜ್ವರದಲ್ಲೂ ಕಂದೀಲು ಹಿಡಿದು ಕೂತವಳು. ಅವಳು ಹೋದ ಮೇಲೆ ದೋಣಿಯವರೇ ಸೇರಿ ಕರೆಂಟಿನ ದೀಪ ಹಾಕಿಸಿದರು. ಕರೆಂಟು ಹೋದರೂ ಉರಿಯಲಿ ಎಂದು ಲಾರಿಗೆ ಹಾಕುವಂಥ ಬ್ಯಾಟರಿ ತಂದಿಟ್ಟರು. ದೀಪ ಆರಿತೆಂದರೆ ದೋಣಿ ಎಳೆಯಲು ನಿಂತವರು ಎಲ್ಲರೂ ಬಂದರೆಂದು ತಿಳಿದು ಮನೆಗೆ ಹೊರಡುತ್ತಾರೆ. ನೆನಪಿಡು, ಮುಂದೆ ಬೇಕಾಗುತ್ತದೆ.

ದೀಪಾವಳಿಗೆ ಬಂದವನು ನೀನು, ಹೋಳಿಗೆ ತಿಂದು ಸುಮ್ಮನೆ ಹೋಗಬಹುದಿತ್ತು. ಕಾರಿನ ಸ್ಪೀಕರಿಗೆ ದಮ್ಮು ಬರಲೆಂದು ಹಾಕುವ ಆ ಕಂಡೆನ್ಸರ್ ಡಬ್ಬಿಗಳನ್ನು ದೀಪದ ಬ್ಯಾಟರಿಯ ಜಾಗದಲ್ಲಿ ಸಾಲಾಗಿ ಜೋಡಿಸಿ, “ಎಂತ ಅಣ್ಣಾ, ಇನ್ನೂ ಬ್ಯಾಟ್ರಿಗೆ ನೀರು ಕುಡಿಸ್ತಾ ಕೂತ್ಯ? ಇದು ಕಣ್ಣು ಮುಚ್ಚಿ ತೆಗೆಯುದ್ರೊಳಗೆ ಚಾರ್ಜ್ ಆತು. ನೀನು ಸತ್ರೂ ಇದಕ್ಕೆ ಎಂತ ಆಗುದಿಲ್ಲ” ಎಂದೆ. ಪ್ಲಗ್ಗು ಕಿತ್ತು ಮರುಕ್ಷಣ ಚುಚ್ಚಿದೆ, ದೀಪ ಅಲುಗಲಿಲ್ಲ. “ನೋಡ್ದ್ಯಾ? ಆತಲ್ಲ?” ಎಂದು, ಮದುವೆ ಸೀಸನ್ನಿಗೆ ಬೇಕೆಂದು ಬ್ಯಾಟರಿಯನ್ನು ನಿನ್ನ ವ್ಯಾನಿಗೆ ಏರಿಸಿದೆ. ಪ್ಲಗ್ಗನ್ನು ಒಂದು ಕವಳ ಅಗಿಯುವಷ್ಟು ಹೊತ್ತು ಹೊರಗಿಟ್ಟು ನೋಡುವ ವ್ಯವಧಾನ ನಿನಗೆಲ್ಲಿ? ಹುಟ್ಟಿದ್ದೂ ಎಂಟನೇ ತಿಂಗಳಿಗೆ.

ನಾನು ಹೊನ್ನಾವರದ ಕಾಲೇಜಿನಲ್ಲಿ ಎರಡು ವರ್ಷ ಬೆಂಚು ಸವೆಸಿದವನು. ನಿನ್ನ ಕಂಡೆನ್ಸರಿಗೆ ಅಲ್ಲಿ ಕೆಪ್ಯಾಸಿಟರ್ ಎನ್ನುತ್ತಿದ್ದರು. ‘ಎನರ್ಜಿ ಈಸ್ ಹಾಫ್ ಸಿ ವಿ ಸ್ಕ್ವೇರ್’. ಆ ಹಾಫ್ ಯಾಕೆ ಬಂತೆಂದು ಮರೆತಿದ್ದೇನೆ. ‘ಕೆಪ್ಯಾಸಿಟರ್ ಗಿವ್ಸ್ ಸಡನ್ಲಿ, ಬ್ಯಾಟರಿ ಗಿವ್ಸ್’, ಮುಂದಿನ ಶಬ್ದವೂ ಹೋಯಿತು, ಅರ್ಥ ಹೋಗಿಲ್ಲ. ಕಂಡೆನ್ಸರಿನಲ್ಲಿ ಎರಡು ತಗಡುಗಳ ಮೇಲೆ ಚಾರ್ಜು ಬಂದು ನಿಂತಿರುತ್ತದೆ ಅಷ್ಟೇ, ಬಸ್ಸಿಗೆ ಕಾದ ಜನರ ಹಾಗೆ. ಬಾಗಿಲು ತೆಗೆದರೆ ಒಂದೇ ನೂಕಿಗೆ ಖಾಲಿ. ಕೊಡುತ್ತಾ ಹೋದಂತೆ ವೋಲ್ಟೇಜೂ ಇಳಿಯುತ್ತದೆ. ಬ್ಯಾಟರಿಯಲ್ಲಿ ಸೀಸವೂ ಆಸಿಡ್ಡೂ ಒಳಗೇ ದುಡಿದು ಕರೆಂಟು ಹುಟ್ಟಿಸಬೇಕು. ಅದು ತುಂಬುವುದೂ ನಿಧಾನ, ಮುಗಿಯುವುದೂ ನಿಧಾನ, ಕೊನೆಯ ತನಕ ಹೆಚ್ಚುಕಡಿಮೆ ಒಂದೇ ಸಮ. ನಿನ್ನ ಸ್ಪೀಕರ್ ‘ದಬ್’ ಎನ್ನಲು ಒಂದು ಕ್ಷಣದ ದಮ್ಮು ಸಾಕು. ದೋಣಿಗೆ ಕಾಯುವ ದೀಪಕ್ಕೆ ಅದರಿಂದ ಎಂತ ಉಪಯೋಗ?

ಸೋಮವಾರದವರೆಗೆ, ಹಬ್ಬದ ದಾಕ್ಷಿಣ್ಯವೋ ಏನೋ, ಸಂಜೆ ಕರೆಂಟು ಹೋಗಿರಲಿಲ್ಲ. ಅಂದು ಕತ್ತಲಾಗುತ್ತಲೇ ಹೋಯಿತು. ನಾನು ಗಂಜಿಗೆ ಕೂತಿದ್ದೆ. ಕಿಟಕಿಯಲ್ಲಿ ಬೀಳುತ್ತಿದ್ದ ಕಂಬದ ದೀಪದ ಬೆಳಕು ಕೆಂಪಾಯಿತು, ಆರಿತು. ಉಪ್ಪಿನಕಾಯಿ ಬಡಿಸಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಕಂದೀಲು ಹುಡುಕಿ, ನೆರೆಮನೆಯ ಈರಮ್ಮನಲ್ಲಿ ಚಿಮಣಿ ಎಣ್ಣೆ ಬೇಡಿ ತಂದು ಹಚ್ಚುವಷ್ಟರಲ್ಲಿ ದಡ ಖಾಲಿಯಾಗಿತ್ತು. ದೇವು ಮತ್ತು ಅವನ ದೋಣಿಯ ಜೊತೆಗಾರ ಗಣಪಿ ಇನ್ನೂ ನೀರಲ್ಲಿದ್ದರು. ಬೆಳಕಿಗೆ ಕಾದು ನಿಂತ ದೋಣಿಯನ್ನು ತೆರೆ ಎತ್ತಿ ಬಂಡೆಗೆ ಒಗೆಯಿತು. ದೋಣಿ ಒಡೆಯದಿರಲೆಂದು ದೇವು ನಡುವೆ ಕೈ ಕೊಟ್ಟ. ಹಲಗೆಯೂ ಬಿಟ್ಟಿತು, ಕೈಯೂ ಮುರಿಯಿತು. ಎತ್ತಿ ತಂದಾಗ ಅವನು ಅಳಲಿಲ್ಲ. “ಶ್ರೀಧರಣ್ಣ, ನಾವೂ ಬಂದ್ವಿ ಅಂತ ತಿಳ್ಕಂಡ್ರಾ?” ಎಂದು ಕೇಳಿದ. ಆ ಪ್ರಶ್ನೆಯನ್ನು ನಿನ್ನೆ ಫೋನಿನಲ್ಲಿ ನಿನಗೆ ದಾಟಿಸಿದೆ. ನಿನ್ನ ಉತ್ತರ: “ಅವ ಕುಡ್ಕಂಡಿದ್ದ ಕಾಣ್ತದೆ.” ದೇವು ಹಬ್ಬದ ಪಾನಕವನ್ನೂ ಮೂಸಿ ನೋಡಿ ಕುಡಿಯುವವನು.

ನಿನ್ನಿಂದ ಕ್ಷಮೆ ಬೇಡ, ಅದೂ ಕಂಡೆನ್ಸರಿನದೇ ಜಾತಿ. ಬ್ಯಾಟರಿ ಬೇಕು. ಈ ಕಾಗದ ನಾಗರಾಜನ ಮೀನಿನ ಟೆಂಪೋದಲ್ಲಿ ಬರುತ್ತದೆ, ಅವನು ರಾತ್ರಿಯೇ ಹಿಂದಿರುಗುತ್ತಾನೆ. ಬಾಗಿಲಲ್ಲಿ ನಿಂತವನ ಕೈಗೆ ಬ್ಯಾಟರಿ ಕೊಡು. ಮದುವೆಯವರು ವಾಲಗ ಕೇಳಿ ತೃಪ್ತರಾಗಲಿ. ನಿನ್ನ ಡಬ್ಬಿಗಳನ್ನೂ ಹಾಕಿದ್ದೇನೆ, ಬಂಗಡೆ ಬುಟ್ಟಿಯ ಅಡಿಗೆ. ಕಿಡಿ ಹಾರದಂತೆ ಖಾಲಿ ಮಾಡಿಯೇ ಕಳಿಸಿದ್ದೇನೆ. ನಿನ್ನ ಮೇಲಿನ ಸಿಟ್ಟು ಇನ್ನೂ ಅಷ್ಟು ದೂರ ಹೋಗಿಲ್ಲ. ಹೇಳುವುದು ಬಹಳವಿತ್ತು, ಅಪ್ಪನ ಸೈಕಲ್ಲನ್ನು ನೀನು ‘ರಿಪೇರಿ’ ಮಾಡಿದ್ದೂ ಸೇರಿ. ಆದರೆ ಬರೆದ ಅಕ್ಷರ ಕಾಣುತ್ತಿಲ್ಲ. ತಲೆ ಎತ್ತಿದರೆ ಹೊತ್ತು ಇಳಿದುಹೋಗಿದೆ.

ಮಾಲತಿಗೆ ನನ್ನ ಆಶೀರ್ವಾದ. ನಿನಗೆ, ಬ್ಯಾಟರಿ ಬಂದ ಮೇಲೆ.

ನಿನ್ನ ಅಣ್ಣ,
ಶ್ರೀಧರ

ತಾ.ಕ.: ನಾಗರಾಜ ಹಾರ್ನ್ ಹೊಡೆಯುತ್ತಿದ್ದಾನೆ. ಅರುಣ ಹೊನ್ನಾವರದ ಹಾಸ್ಟೆಲಿನಲ್ಲಿದ್ದಾನೆಂದು ನೀನು ತಿಳಿದಿದ್ದೀ. ನಿನ್ನ ಮಗ ಬುಧವಾರದಿಂದ ನನ್ನ ಮನೆಯಲ್ಲಿದ್ದಾನೆ. “ಅಪ್ಪ ಮಾಡಿದ್ದಕ್ಕೆ ದೇವಣ್ಣನ ಕೈ ಹೋಯ್ತು, ಅದು ಗುಣ ಆಗುವರೆಗೆ ದೋಣಿ ಹುಟ್ಟು ನಾ ಹಾಕ್ತೆ” ಎಂದು ಹಟ ಹಿಡಿದ. ನಿನಗೆ ತಿಳಿಸುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಬೆಳಕಿರುವ ತನಕ ಆ ಮಾತು ಉಳಿಸಿಕೊಂಡೆ. ಬಿಟ್ಟ ಹಲಗೆ ಬಿಗಿದುಕೊಂಡು ಗಣಪಿಯ ಜೊತೆ ಇವತ್ತು ಹೋಗಿದ್ದಾನೆ. ಉಳಿದ ದೋಣಿಗಳು ಬಂದವು. ಅವರದು ಬಂದಿಲ್ಲ. ಕರೆಂಟು ಈಗಷ್ಟೇ ಹೋಯಿತು, ಕಂಬದ ದೀಪವೂ. ಮಾಸ್ತಮ್ಮನ ಕಂದೀಲು ಹಿಡಿದು ದಡಕ್ಕೆ ಹೊರಟಿದ್ದೇನೆ.